ಎಡ್ವರ್ಡ್ ಯಾಂಗ್ ಚಿತ್ರಗಳಲ್ಲಿ ಮನೆ ಮತ್ತು ಶಾಲೆ

(ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಲದ ಸಮಾರಂಭದಲ್ಲಿ ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳಬೇಕೆಂದು ಸಂಘದ ಹಿರಿಯರೊಬ್ಬರು ಫೋನ್ ಮಾಡಿದಾಗ, ಒಬ್ಬ ಸಿನಿಮಾ ನಿರ್ದೇಶಕರ ಬಗ್ಗೆ ಮಾತನಾಡಬಹುದೇ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ, "ವಿದ್ಯಾಸಂಸ್ಥೆಯ ವೇದಿಕೆ ನೋಡಿ, ಸ್ವಲ್ಪ ಯೋಚನೆ ಮಾಡಿ" ಎಂದರು. ಅವರ ಅಳುಕು ನನಗೆ ಅರ್ಥವಾಗುತ್ತದೆ. ಸಿನಿಮಾ ನೋಡುವುದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಅರ್ಹತೆ ನನಗಿಲ್ಲ, ಅದು ಉಲೇಮಾಗಳ ಕೆಲಸ. ಆದರೆ ನಮ್ಮ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ರಾತ್ರಿ ಹನ್ನೊಂದರ ತನಕ ಏನೇನು ಓಡುತ್ತಿದೆ ಎಂಬುದು ತಂದೆತಾಯಿಗಳಿಗೂ ಗೊತ್ತು, ನಮಗೂ ಗೊತ್ತು. ನೋಡುವುದನ್ನಂತೂ ಅವರು ನಿಲ್ಲಿಸಿಲ್ಲ. ಹಾಗಿರುವಾಗ ಒಳ್ಳೆಯದೊಂದನ್ನು ಹೇಗೆ ನೋಡಬೇಕು ಎಂದು ಹೇಳಿಕೊಡುವುದು ಪಾಠದ ಭಾಗವೇ ಎಂದು ನಾನು ತಿಳಿದಿದ್ದೇನೆ.

ನಾನು ಮಾತನಾಡಬೇಕೆಂದಿರುವುದು ತೈವಾನಿನ ಎಡ್ವರ್ಡ್ ಯಾಂಗ್ ಬಗ್ಗೆ. ಚೀನೀ ಹೆಸರು ಯಾಂಗ್ ದಚಾಂಗ್. ಅವರು ಪೂರ್ಣ ಪ್ರಮಾಣದ ಏಳೇ ಏಳು ಚಿತ್ರಗಳನ್ನು ಮಾಡಿ, 2007ರ ಜೂನ್ 29ರಂದು, 59ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ಏಳರಲ್ಲಿ ಎರಡು ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವು ನನ್ನ ತರಗತಿಯ ಮಕ್ಕಳನ್ನು ನಾನು ನೋಡುವ ರೀತಿಯನ್ನೇ ಬದಲಿಸಿವೆ. ಇಂದು ಹೆಚ್ಚು ಮಾತು ಆ ಎರಡರ ಮೇಲೆಯೇ.

ಮೊದಲು ಅವರ ಬದುಕಿನ ಕಥೆ. ಯಾಂಗ್ ಹುಟ್ಟಿದ್ದು 1947ರಲ್ಲಿ, ಶಾಂಘೈಯಲ್ಲಿ. 1949ರಲ್ಲಿ ಕಮ್ಯುನಿಸ್ಟರು ಚೀನಾವನ್ನು ಗೆದ್ದಾಗ ಸೋತ ರಾಷ್ಟ್ರೀಯ ಪಕ್ಷದ ಸರ್ಕಾರ ತೈವಾನ್ ದ್ವೀಪಕ್ಕೆ ಹೋಯಿತು. ಅದರ ಹಿಂದೆ ಸೈನಿಕರು, ಗುಮಾಸ್ತರು, ಮೇಷ್ಟ್ರುಗಳು, ಅವರ ಹೆಂಡತಿ ಮಕ್ಕಳು, ಲಕ್ಷ ಲಕ್ಷ ಜನ ಹಡಗು ಹತ್ತಿದರು. ಯಾಂಗ್ ಕುಟುಂಬವೂ ಅದರಲ್ಲಿತ್ತು. ಹುಡುಗನಿಗೆ ಚಿತ್ರಕಥೆ ಪುಸ್ತಕಗಳ ಹುಚ್ಚು. ಆದರೆ ಓದಿದ್ದು ವಿದ್ಯುತ್ ಇಂಜಿನಿಯರಿಂಗ್. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ. ಆಮೇಲೆ ಲಾಸ್ ಏಂಜಲೀಸಿನ ಒಂದು ವಿಶ್ವವಿದ್ಯಾಲಯದಲ್ಲಿ ಸಿನಿಮಾ ಕಲಿಯಲು ಸೇರಿ, ಇದು ತನ್ನಿಂದಾಗದು ಎಂದು ಸ್ವಲ್ಪ ಕಾಲದಲ್ಲೇ ಬಿಟ್ಟರು. ಸಿಯಾಟಲ್ ನಗರದಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು, ವರ್ಷಗಟ್ಟಲೆ ಅದನ್ನೇ ಮಾಡಿದರು. ಒಂದು ದಿನ ಜರ್ಮನಿಯ ವೆರ್ನರ್ ಹರ್ಟ್ಸಾಗ್ ನಿರ್ದೇಶಿಸಿದ 'ಅಗೀರ್' ಎಂಬ ಚಿತ್ರ ನೋಡಿದರು. ಸಿನಿಮಾ ಎಂದರೆ ಇದಾಗುವುದಾದರೆ ತಾನೂ ಮಾಡಬಹುದು ಎನ್ನಿಸಿತಂತೆ. ಮೂವತ್ತು ದಾಟಿದ ಮೇಲೆ, ಒಳ್ಳೆಯ ಸಂಬಳ ಬಿಟ್ಟು ತೈವಾನಿಗೆ ಮರಳಿದರು.

ಇದನ್ನು ಕೇಳಿ ಇಲ್ಲಿ ಕುಳಿತ ತಂದೆಯಂದಿರ ಎದೆ ಸ್ವಲ್ಪ ಹೊಡೆದುಕೊಂಡಿರಬಹುದು! ಇಂಜಿನಿಯರಿಂಗ್ ಸೀಟಿಗಾಗಿ ನಾವು ಸಂಘದಿಂದ ಸ್ಕಾಲರ್‌ಶಿಪ್ ಕೊಡುತ್ತಿದ್ದೇವೆ, ಇವರು ಇಂಜಿನಿಯರಿಂಗ್ ಬಿಟ್ಟವರ ಕಥೆ ಹೇಳುತ್ತಿದ್ದಾರಲ್ಲ ಎಂದು. ಹಾಗಲ್ಲ. ಅವರ ಚಿತ್ರಗಳನ್ನು ನೋಡಿದರೆ ಓದಿದ ವಿದ್ಯೆ ವ್ಯರ್ಥವಾಗಲಿಲ್ಲ ಎಂದು ತಿಳಿಯುತ್ತದೆ. ಹತ್ತಾರು ಪಾತ್ರಗಳಿರುತ್ತವೆ. ಒಂದು ಮನೆಯಲ್ಲಿ ಒತ್ತಿದ ಸ್ವಿಚ್ಚಿಗೆ ಎಲ್ಲೋ ಇನ್ನೊಂದು ಮನೆಯಲ್ಲಿ ದೀಪ ಉರಿಯುತ್ತದೆ ಅಥವಾ ಆರುತ್ತದೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದನ್ನು ಅವರು ಮರೆಯುವುದಿಲ್ಲ.

ಆ ಕಾಲದ ತೈವಾನಿನ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1949ರ ಮೇ ತಿಂಗಳಿಂದ 1987ರ ಜುಲೈವರೆಗೆ, ಅಂದರೆ 38 ವರ್ಷ, ಅಲ್ಲಿ ಸೈನಿಕ ಶಾಸನವಿತ್ತು. ಯಾರು ಯಾರ ಜೊತೆ ಮಾತನಾಡಿದರು, ಯಾರಿಗೆ ಚೀನಾದಲ್ಲಿ ಹಳೆಯ ಗೆಳೆಯರಿದ್ದಾರೆ ಎಂಬುದೆಲ್ಲ ತನಿಖೆಯ ವಿಷಯ. ಅದಕ್ಕೂ ಹಿಂದೆ 1895ರಿಂದ 1945ರವರೆಗೆ ದ್ವೀಪ ಜಪಾನಿನ ಆಳ್ವಿಕೆಯಲ್ಲಿತ್ತು. ಹಾಗಾಗಿ ಹಳಬರಿಗೆ ಜಪಾನೀ ಬರುತ್ತಿತ್ತು, ಮನೆಮಾತು ತೈವಾನೀ ಅಥವಾ ಹಕ್ಕಾ, ಶಾಲೆಯಲ್ಲಿ ಮಾತ್ರ ಮ್ಯಾಂಡರಿನ್. ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳಿಗೆ ದಂಡ ಹಾಕುತ್ತಿದ್ದ ಕಾಲವದು. ಮನೆಯಲ್ಲಿ ದಖನಿ, ತರಗತಿಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ, ಅರ್ಜಿ ತುಂಬಲು ಇಂಗ್ಲಿಷ್ ಎಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾಂಗ್ ಚಿತ್ರಗಳಲ್ಲಿ ಒಂದೇ ಮನೆಯವರು ಎರಡು ಮೂರು ಭಾಷೆ ಆಡುವುದನ್ನು ಕೇಳಿದಾಗ, ಒಂದೂ ಪದ ಅರ್ಥವಾಗದಿದ್ದರೂ, ಇದು ಗೊತ್ತಿರುವ ಮನೆ ಎನ್ನಿಸುತ್ತದೆ.

ಇಲ್ಲಿ ಒಂದು ಸಣ್ಣ ವಿಷಯ ಹೇಳಿ ಮುಂದಕ್ಕೆ ಹೋಗುತ್ತೇನೆ. 1949ರಲ್ಲಿ ಹಡಗು ಹತ್ತಿದವರಲ್ಲಿ ಚೀನೀ ಮುಸಲ್ಮಾನರೂ ಇದ್ದರು. ಜನರಲ್ ಬೈ ಚೊಂಗ್‌ಶಿ ಅವರಲ್ಲಿ ಹೆಸರಾದವರು. ಅವರ ಮಗ ಬೈ ಶಿಯೆನ್‌ಯೊಂಗ್ ಚೀನೀ ಭಾಷೆಯ ದೊಡ್ಡ ಕಥೆಗಾರ. ಊರು ಬಿಟ್ಟು ಬಂದ ಈ ಜನರ ಬಗ್ಗೆಯೇ 'ತೈಪೇಯ ಜನ' ಎಂಬ ಕಥಾಸಂಕಲನ ಬರೆದವರು. ತೈಪೇಯ ದೊಡ್ಡ ಮಸೀದಿ ಕಟ್ಟಿ ಮುಗಿದದ್ದು 1960ರಲ್ಲಿ. ನಾನು ಈಗ ಹೇಳಲಿರುವ ಚಿತ್ರದ ಕಥೆ ನಡೆಯುವುದೂ ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ. ಚಿತ್ರದಲ್ಲಿ ಮಸೀದಿಯೇನೂ ಬರುವುದಿಲ್ಲ. ಆದರೂ ಆ ಬೀದಿಗಳನ್ನು ನೋಡುವಾಗ ನನಗೆ ಅದು ನೆನಪಾಗುತ್ತದೆ.

ಮೊದಲ ಚಿತ್ರಗಳನ್ನು ಬೇಗ ಹೇಳಿಬಿಡುತ್ತೇನೆ. 1982ರಲ್ಲಿ ನಾಲ್ವರು ಹೊಸ ನಿರ್ದೇಶಕರು ಸೇರಿ 'ಇನ್ ಅವರ್ ಟೈಮ್' ಎಂಬ ಚಿತ್ರ ಮಾಡಿದರು, ಅದರ ಒಂದು ಭಾಗ ಯಾಂಗ್ ಅವರದು. ತೈವಾನಿನ ಹೊಸ ಸಿನಿಮಾ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. 1983ರ 'ದಟ್ ಡೇ, ಆನ್ ದಿ ಬೀಚ್' ಚಿತ್ರದಲ್ಲಿ ಒಬ್ಬ ಡಾಕ್ಟರರ ಮನೆ. ತಂದೆ ಹೇಳಿದ ಹುಡುಗಿಯನ್ನು ಮಗ ಮದುವೆಯಾಗುತ್ತಾನೆ, ತಾನು ಮೆಚ್ಚಿದವಳನ್ನು ಬಿಡುತ್ತಾನೆ. ಅದನ್ನು ಕಂಡ ತಂಗಿ, ತನಗೆ ಅದೇ ಗತಿ ಬರಬಾರದೆಂದು ಮನೆ ಬಿಟ್ಟು ಹೋಗಿ ತನಗಿಷ್ಟವಾದವನನ್ನು ಮದುವೆಯಾಗುತ್ತಾಳೆ. ಅವಳಿಗೂ ನೆಮ್ಮದಿ ಸಿಗುವುದಿಲ್ಲ. ನಮ್ಮ ಹಿಂದಿ ಸಿನಿಮಾ ಆಗಿದ್ದರೆ ಮದುವೆಯಾದಲ್ಲಿಗೆ ಮುಗಿಯುತ್ತಿತ್ತು, ಇಲ್ಲಿ ನಿಜವಾದ ಕಥೆ ಅಲ್ಲಿಂದ ಮುಂದೆ.

1985ರ 'ತೈಪೇ ಸ್ಟೋರಿ'ಯ ನಾಯಕ ಚಿಕ್ಕಂದಿನಲ್ಲಿ ಬೇಸ್‌ಬಾಲ್ ಆಡಿ ಹೆಸರು ಮಾಡಿದವನು. ಈಗ ಬಟ್ಟೆ ಅಂಗಡಿಯ ಮಾಲೀಕ. ಊರು ಬೆಳೆಯುತ್ತಿದೆ, ಅವನು ಹಿಂದೆಯೇ ಉಳಿದಿದ್ದಾನೆ. ಆ ಪಾತ್ರ ಮಾಡಿದ್ದು ಯಾಂಗ್ ಅವರ ಗೆಳೆಯ, ಸ್ವತಃ ದೊಡ್ಡ ನಿರ್ದೇಶಕರಾದ ಹೌ ಶಿಯಾವ್‌ಶಿಯೆನ್. ಚಿತ್ರಕ್ಕೆ ಹಣ ಸಾಲದೆ ಅವರು ತಮ್ಮ ಮನೆಯನ್ನೇ ಅಡವಿಟ್ಟರು. ಚಿತ್ರಮಂದಿರದಲ್ಲಿ ಅದು ಓಡಿದ್ದು ನಾಲ್ಕು ದಿನ. 1986ರ 'ಟೆರರೈಸರ್ಸ್' ಹೆಸರು ಕೇಳಿ ಬಾಂಬು ಬಂದೂಕು ಎಂದುಕೊಳ್ಳಬೇಡಿ. ಒಬ್ಬ ಹುಡುಗಿ ಬೇಸರಕ್ಕೆ ಮಾಡಿದ ಒಂದು ಸುಳ್ಳು ಫೋನ್ ಕರೆಯಿಂದ ಒಂದು ಸಂಸಾರ ಒಡೆಯುವ ಕಥೆ ಅದು. ಒಂದು ಕರೆಗೇ ಅಷ್ಟಾದರೆ ಇಂದಿನ ವಾಟ್ಸ್ಆಪ್ ಫಾರ್ವರ್ಡುಗಳಿಗೆ ಎಷ್ಟಾಗಬೇಡ ಎಂದು ನನಗೆ ಅನ್ನಿಸಿದ್ದುಂಟು.

ಇನ್ನು 1991ರ 'ಎ ಬ್ರೈಟರ್ ಸಮರ್ ಡೇ'. ಸುಮಾರು ನಾಲ್ಕು ಗಂಟೆಯ ಚಿತ್ರ, ಸರಿಯಾಗಿ ಹೇಳಬೇಕೆಂದರೆ 237 ನಿಮಿಷ. ಚೀನೀ ಹೆಸರನ್ನು 'ಗುಲಿಂಗ್ ಬೀದಿಯ ಬಾಲಕ ಮಾಡಿದ ಕೊಲೆ' ಎನ್ನಬಹುದು. 1961ರಲ್ಲಿ ತೈಪೇಯಲ್ಲಿ, ಹಳೆಯ ಪುಸ್ತಕದ ಅಂಗಡಿಗಳಿದ್ದ ಆ ಬೀದಿಯಲ್ಲಿ, ಒಬ್ಬ ಶಾಲಾ ಹುಡುಗ ತನಗೆ ಪರಿಚಯದ ಹುಡುಗಿಯನ್ನು ಚಾಕುವಿನಿಂದ ಇರಿದು ಕೊಂದ. ಯಾಂಗ್ ಆಗ ಹೆಚ್ಚುಕಡಿಮೆ ಅದೇ ವಯಸ್ಸಿನ ಹುಡುಗ. ಮುಂದೆ ಅವರು ಓದಿದ್ದೂ ಆ ಹುಡುಗನ ಶಾಲೆಯಲ್ಲೇ. ಮೂವತ್ತು ವರ್ಷ ಆ ಸುದ್ದಿ ಅವರ ತಲೆಯಲ್ಲಿ ಉಳಿದಿತ್ತು.

ಸಂಘದ ಸದಸ್ಯರು ಗಮನಿಸಬೇಕಾದ ಮಾತು ಈಗ ಬರುತ್ತದೆ. ಕೊಲೆಯ ಕಥೆ ಹೇಳುವವರು ಎಲ್ಲಿಂದ ಶುರು ಮಾಡುತ್ತಾರೆ? ಚಾಕುವಿನಿಂದ, ರಕ್ತದಿಂದ, ಪೊಲೀಸರಿಂದ. ಯಾಂಗ್ ಶುರು ಮಾಡುವುದು ಅಂಕಪಟ್ಟಿಯಿಂದ. ಒಬ್ಬ ತಂದೆ ಶಾಲೆಯ ಕಚೇರಿಯಲ್ಲಿ ಕುಳಿತು, ಮಗನಿಗೆ ಚೀನೀ ಭಾಷೆಯಲ್ಲಿ ಮಾತ್ರ ಇಷ್ಟು ಕಡಿಮೆ ಅಂಕ ಹೇಗೆ ಬಂತು, ಅವನು ಆ ವಿಷಯದಲ್ಲಿ ಚೆನ್ನಾಗಿದ್ದಾನಲ್ಲ ಎಂದು ಕೇಳುತ್ತಿದ್ದಾನೆ. ಉತ್ತರ ಸಿಗುವುದಿಲ್ಲ. ಹುಡುಗ ಹಗಲು ಶಾಲೆ ತಪ್ಪಿ ರಾತ್ರಿ ಶಾಲೆಗೆ ಬೀಳುತ್ತಾನೆ. ಆಮೇಲೆ ರೇಡಿಯೋದಲ್ಲಿ ಕಾಲೇಜಿಗೆ ಆಯ್ಕೆಯಾದವರ ಹೆಸರುಗಳ ಪಟ್ಟಿ ಓದುವುದು ಕೇಳಿಸುತ್ತದೆ. ಒಂದೊಂದೇ ಹೆಸರು, ಏರಿಳಿತವಿಲ್ಲದ ದನಿಯಲ್ಲಿ. ನಾಲ್ಕು ಗಂಟೆಯ ಬಳಿಕ ಚಿತ್ರ ಮುಗಿಯುವುದೂ ಅಂಥದೇ ಪಟ್ಟಿಯಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಹುಡುಗನನ್ನು ಮನೆಯಲ್ಲಿ ಶಿಯಾವೋ ಸಿ ಎನ್ನುತ್ತಾರೆ. ಐವರು ಮಕ್ಕಳಲ್ಲಿ ನಾಲ್ಕನೆಯವನು ಎಂದು ಅರ್ಥ. ಮಲಗಲು ಜಾಗವಿಲ್ಲದೆ ಗೋಡೆ ಕಪಾಟಿನ ಮೇಲಂತಸ್ತಿನಲ್ಲಿ ಮಲಗುತ್ತಾನೆ. ಶಾಲೆಯ ಪಕ್ಕದ ಸಿನಿಮಾ ಸ್ಟುಡಿಯೋದಿಂದ ಕದ್ದ ಟಾರ್ಚಿನ ಬೆಳಕಿನಲ್ಲಿ ಅಲ್ಲಿಯೇ ಬರೆದುಕೊಳ್ಳುತ್ತಾನೆ. ಹೊರಗೆ ಹುಡುಗರ ಎರಡು ಗುಂಪು. ಚಿತ್ರದ ಆರಂಭದಲ್ಲಿ ಬರಹ ರೂಪದಲ್ಲಿ ಬರುವ ಮಾತಿನ ಸಾರಾಂಶ ಹೀಗಿದೆ: ಊರು ಬಿಟ್ಟು ಬಂದ ತಂದೆತಾಯಿಗಳು ನಾಳೆ ಏನೋ ಎಂಬ ಆತಂಕದಲ್ಲಿದ್ದರು, ಆ ಆತಂಕದಲ್ಲಿ ಬೆಳೆದ ಮಕ್ಕಳು ತಮಗೊಂದು ಗುರುತು ಬೇಕೆಂದು, ಆಸರೆ ಬೇಕೆಂದು ಗುಂಪು ಕಟ್ಟಿಕೊಂಡರು. ಅಷ್ಟೇ. ಕೆಟ್ಟ ಹುಡುಗರು ಎಂಬ ಮಾತೇ ಇಲ್ಲ.

ಪರೀಕ್ಷೆಯಲ್ಲಿ ಪಕ್ಕದ ಹುಡುಗ ಇವನ ಉತ್ತರ ನಕಲು ಮಾಡುತ್ತಾನೆ. ಶಿಕ್ಷೆ ಇಬ್ಬರಿಗೂ. ತಂದೆ ಕಚೇರಿಗೆ ಬಂದು, ಇದು ನ್ಯಾಯವಲ್ಲ ಎಂದು ವಾದಿಸುತ್ತಾರೆ, ದನಿ ಏರುತ್ತದೆ, ವಾದಿಸಿದ್ದಕ್ಕೆ ಶಿಕ್ಷೆ ಹೆಚ್ಚಾಗುತ್ತದೆ. ಆದರೆ ಅಂದು ತಂದೆ ಮಗ ಇಬ್ಬರೂ ಸೈಕಲ್ ತಳ್ಳಿಕೊಂಡು ಮನೆಗೆ ನಡೆಯುವಾಗ ತಂದೆಯ ನಡಿಗೆಯಲ್ಲಿ ಒಂದು ಬಿಗಿಯಿದೆ. ನಿನ್ನ ಭವಿಷ್ಯ ನಿನ್ನ ಶ್ರಮದಿಂದಲೇ ಆಗುವುದು, ಅದನ್ನು ನಂಬು ಎಂದು ಮಗನಿಗೆ ಹೇಳುತ್ತಾರೆ. ನಮ್ಮಲ್ಲಿ ಯಾವ ತಂದೆ ಹೇಳಿಲ್ಲ ಈ ಮಾತನ್ನು?

ಆಮೇಲೆ ಒಂದು ರಾತ್ರಿ ಸೈನಿಕ ಶಾಸನದ ಅಧಿಕಾರಿಗಳು ತಂದೆಯನ್ನು ಕರೆದೊಯ್ಯುತ್ತಾರೆ. ಹೊಡೆಯುವುದಿಲ್ಲ. ಹಳೆಯ ಗೆಳೆಯರ ಬಗ್ಗೆ ಬರೆ ಎನ್ನುತ್ತಾರೆ, ಬರೆದದ್ದು ಸಾಲದು ಎಂದು ಮತ್ತೆ ಬರೆಸುತ್ತಾರೆ. ಬಿಟ್ಟು ಕಳಿಸಿದ ಮೇಲೆ ಮನೆಗೆ ಬಂದವರು ಬೇರೆಯೇ ಮನುಷ್ಯ. ಮಗನ ಮೇಲೆ ಮತ್ತೊಂದು ದೂರು ಬಂದಾಗ ಅದೇ ಕಚೇರಿಯಲ್ಲಿ ಇವರು ವಾದಿಸುವುದಿಲ್ಲ, ಬೇಡಿಕೊಳ್ಳುತ್ತಾರೆ. ತಂದೆ ತಗ್ಗಿ ನಿಂತದ್ದನ್ನು ಮಗ ನೋಡುತ್ತಾನೆ. ಅಲ್ಲಿದ್ದ ಬೇಸ್‌ಬಾಲ್ ದಾಂಡಿನಿಂದ ದೀಪದ ಬುರುಡೆ ಒಡೆಯುತ್ತಾನೆ. ಶಾಲೆಯಿಂದ ಹೊರಗೆ. ಮತ್ತೆ ಅದೇ ದಾರಿ, ಅವೇ ಎರಡು ಸೈಕಲ್. ಈ ಸಲ ತಂದೆ ಹೇಳುವುದು ಭವಿಷ್ಯದ ಮಾತಲ್ಲ. ಸಿಗರೇಟು ಬಿಟ್ಟರೆ ಉಳಿಯುವ ದುಡ್ಡಿನಲ್ಲಿ ನಿನಗೆ ಕನ್ನಡಕ ಕೊಡಿಸಬಹುದು ಎನ್ನುತ್ತಾರೆ. ಹುಡುಗನ ಕಣ್ಣು ಮಂಜಾಗಿರುವುದು ಮನೆಯವರಿಗೆ ಗೊತ್ತಿತ್ತು, ದುಡ್ಡಿರಲಿಲ್ಲ.

ಈ ಕನ್ನಡಕದ ಮಾತು ಬಂದಾಗಲೆಲ್ಲ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಯ ಒಬ್ಬ ಹುಡುಗ ಯಾವಾಗಲೂ ಪಕ್ಕದವನ ಪುಸ್ತಕ ನೋಡಿಯೇ ಬರೆಯುತ್ತಿದ್ದ. ಎರಡು ಮೂರು ಸಲ ಎಚ್ಚರಿಸಿದೆ. ಒಂದು ದಿನ ಎಲ್ಲರೆದುರು ನಿಲ್ಲಿಸಿ, ತಂದೆಯನ್ನು ಕರೆದುಕೊಂಡು ಬಾ ಎಂದೆ. ತಂದೆ ಅಂದಿನ ಕೂಲಿ ಬಿಟ್ಟು ಬಂದರು, "ಇದೊಂದು ಸಲ ಮಾಫ್ ಮಾಡಿ ಟೀಚರ್" ಎಂದು ಕೈ ಮುಗಿದರು. ಹುಡುಗ ಪಕ್ಕದಲ್ಲೇ ನಿಂತಿದ್ದ. ತಿಂಗಳೆರಡು ಕಳೆದ ಮೇಲೆ ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಕರಿಹಲಗೆಯ ಮೇಲಿನ ಅಕ್ಷರ ಅವನಿಗೆ ಕಾಣಿಸುತ್ತಲೇ ಇರಲಿಲ್ಲ. ನಕಲು ಮಾಡುತ್ತಿದ್ದದ್ದು ನಾನು ಹಲಗೆಯ ಮೇಲೆ ಬರೆದದ್ದನ್ನೇ. ಅವನಿಗೆ ಕನ್ನಡಕ ಬಂತು, ಓದಿದ, ಈಗ ಚೆನ್ನಾಗಿದ್ದಾನೆ ಅಲ್‌ಹಮ್ದುಲಿಲ್ಲಾಹ್. ಆದರೆ ಅವನ ತಂದೆ ಕೈ ಮುಗಿದದ್ದನ್ನು ಅವನು ನೋಡಿದ್ದಾನೆ. ಅದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಇನ್ನು ಚಿತ್ರದ ಹುಡುಗಿ ಮಿಂಗ್. ಇಲ್ಲಿ ನಾನು ನಮ್ಮ ಗಂಡುಮಕ್ಕಳಿಗೆ ನೇರವಾಗಿ ಹೇಳುವುದಿದೆ, ಸ್ವಲ್ಪ ಗಮನವಿಟ್ಟು ಕೇಳಿ. ಮಿಂಗ್‌ಗೆ ತಂದೆಯಿಲ್ಲ. ತಾಯಿ ಅಸ್ತಮಾ ರೋಗಿ, ಮನೆಗೆಲಸ ಮಾಡುವವಳು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಹಾಗಾಗಿ ಹುಡುಗಿ ಯಾರು ಆಸರೆ ಕೊಡುತ್ತಾರೋ ಅವರೊಡನೆ ನಗುನಗುತ್ತಾ ಇರಬೇಕು. ಶಿಯಾವೋ ಸಿ ಅವಳನ್ನು ಪ್ರೀತಿಸುತ್ತಾನೆ, ರಕ್ಷಿಸಬೇಕು ಎಂದುಕೊಳ್ಳುತ್ತಾನೆ. ಅವಳ ಬಗ್ಗೆ ಜನ ಆಡುವ ಮಾತು ಅವನ ಕಿವಿಗೆ ಬೀಳುತ್ತದೆ. ಕೊನೆಗೆ ಗುಲಿಂಗ್ ಬೀದಿಯಲ್ಲಿ ಅವಳನ್ನು ತಡೆದು, ನಿನ್ನ ವಿಷಯ ನನಗೆ ಗೊತ್ತು, ಆದರೂ ಪರವಾಗಿಲ್ಲ, ನಿನ್ನನ್ನು ನಾನೊಬ್ಬನೇ ಉದ್ಧರಿಸಬಲ್ಲೆ ಎಂಬ ಧಾಟಿಯಲ್ಲಿ ಮಾತನಾಡುತ್ತಾನೆ. ಅವಳು, ನೀನೂ ಉಳಿದವರ ಹಾಗೆಯೇ, ನನ್ನನ್ನು ಬದಲಿಸಲು ಬಂದವನು, ನಾನು ಬದಲಾಗುವುದಿಲ್ಲ ಎನ್ನುತ್ತಾಳೆ. ಅಷ್ಟಕ್ಕೆ ಚಾಕು. ಆಮೇಲೆ ಅವನು ಅವಳನ್ನು ಎದ್ದು ನಿಲ್ಲು, ಎದ್ದು ನಿಲ್ಲು ಎನ್ನುತ್ತಾನೆ. ತಾನು ಏನು ಮಾಡಿದೆ ಎಂಬುದೇ ಅವನಿಗೆ ತಿಳಿದಿಲ್ಲ.

ನಾಲ್ಕು ಗಂಟೆ ನಾವು ಈ ಹುಡುಗನ ಜೊತೆಗೇ ಇದ್ದೇವೆ. ಅವನಿಗೆ ಅನ್ಯಾಯವಾದದ್ದನ್ನು ನೋಡಿದ್ದೇವೆ, ಅವನ ಪರ ಮರುಗಿದ್ದೇವೆ. ಆದರೂ ಕೊಲೆಗೆ ಸಬೂಬು ಕೊಡಲು ಯಾಂಗ್ ಒಪ್ಪುವುದಿಲ್ಲ. ಅವನು ಒಳ್ಳೆಯ ಹುಡುಗ, ಅವಳು ಸರಿಯಿಲ್ಲ, ಅದಕ್ಕೆ ಹೀಗಾಯಿತು ಎಂಬ ಮಾತು ನಮ್ಮ ಓಣಿಗಳಲ್ಲಿ ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಎಂದು ಯೋಚಿಸಿ. ಹುಡುಗಿಯ ಇಜ್ಜತ್ತು ಕಾಯುತ್ತೇನೆ ಎಂದು ಹೊರಟವನು ಅವಳನ್ನು ಒಂದು ಸಲವಾದರೂ ನಿನಗೇನು ಬೇಕು ಎಂದು ಕೇಳಿದ್ದಾನೆಯೇ? ಈ ಹುಡುಗ ಕೇಳಲಿಲ್ಲ. ಹಾಗೆಯೇ ಒಂದು ಆಕ್ಷೇಪವನ್ನೂ ಹೇಳಿಬಿಡುತ್ತೇನೆ: ಮಿಂಗ್ ಒಬ್ಬಳೇ ಇರುವಾಗ ಏನು ಯೋಚಿಸುತ್ತಾಳೆ ಎಂದು ಚಿತ್ರ ನಮಗೆ ಹೆಚ್ಚು ತೋರಿಸುವುದಿಲ್ಲ. ಹುಡುಗನ ಮನೆಯ ಪ್ರತಿ ಮೂಲೆಯೂ ನಮಗೆ ಗೊತ್ತು, ಅವಳ ಮನೆ ನಮಗೆ ಅಷ್ಟು ಗೊತ್ತಿಲ್ಲ. ಇಷ್ಟು ದೊಡ್ಡ ಚಿತ್ರದಲ್ಲಿ ಅದೊಂದು ಕೊರತೆ ಎಂದೇ ನನ್ನ ಅಭಿಪ್ರಾಯ.

ಹುಡುಗನಿಗೆ ಮೊದಲು ಮರಣದಂಡನೆ, ಬಳಿಕ ಅದು 15 ವರ್ಷದ ಸೆರೆವಾಸಕ್ಕೆ ಇಳಿಯುತ್ತದೆ. ಒಬ್ಬ ಗೆಳೆಯ ತನ್ನ ಹಾಡಿನ ಟೇಪನ್ನು ಜೈಲಿಗೆ ತಂದು ಕೊಟ್ಟು ಹೋಗುತ್ತಾನೆ, ಕಾವಲಿನವರು ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಮನೆಯಲ್ಲಿ ತಾಯಿ ಒಗೆದ ಬಟ್ಟೆ ಒಣಹಾಕುತ್ತಿದ್ದಾಳೆ. ಬಟ್ಟೆಗಳ ನಡುವೆ ಮಗನ ಶಾಲೆಯ ಅಂಗಿ ಕೈಗೆ ಬರುತ್ತದೆ. ರೇಡಿಯೋದಲ್ಲಿ ಆ ವರ್ಷ ಕಾಲೇಜಿಗೆ ಆಯ್ಕೆಯಾದವರ ಹೆಸರು ಓದುತ್ತಿದ್ದಾರೆ. ಫಲಿತಾಂಶದ ದಿನ ನಮ್ಮ ಸಂಘದ ಕಚೇರಿಯಲ್ಲಿ ನಾವೂ ಪಟ್ಟಿ ಹಿಡಿದು ನಮ್ಮ ಮಕ್ಕಳ ಹೆಸರು ಹುಡುಕುತ್ತೇವೆ, ಮಿಠಾಯಿ ಹಂಚುತ್ತೇವೆ. ಹಂಚಲೇಬೇಕು. ಈ ಚಿತ್ರ ನೋಡಿದ ಮೇಲೆ ಪಟ್ಟಿಯಲ್ಲಿ ಇಲ್ಲದ ಹೆಸರುಗಳೂ ನನ್ನ ಕಿವಿಗೆ ಬೀಳತೊಡಗಿವೆ.

ಈ ಚಿತ್ರದ ಪ್ರತಿ ಹಾಳಾಗುವ ಸ್ಥಿತಿಗೆ ಬಂದಿತ್ತು. 2009ರಲ್ಲಿ ಮಾರ್ಟಿನ್ ಸ್ಕಾರ್ಸೆಸೀ ಅವರ ಪ್ರತಿಷ್ಠಾನ ಅದನ್ನು ಇಟಲಿಯ ಬೊಲೋನ್ಯದಲ್ಲಿ ಸರಿಪಡಿಸಿತು. ಇಂದು ನಮಗೆ ಸಿಗುವುದು ಆ ಪ್ರತಿಯಿಂದ. ಹುಡುಗನ ತಂದೆಯ ಪಾತ್ರ ಮಾಡಿದವರು ಆ ಬಾಲನಟ ಚಾಂಗ್ ಚೆನ್ ಅವರ ಸ್ವಂತ ತಂದೆ ಎಂಬುದನ್ನು ತಿಳಿದು ಸೈಕಲ್ ದೃಶ್ಯಗಳನ್ನು ಇನ್ನೊಮ್ಮೆ ನೋಡಿ.

ಮುಂದಿನ ಎರಡು ಚಿತ್ರಗಳು, 1994ರ 'ಎ ಕನ್‌ಫ್ಯೂಷಿಯನ್ ಕನ್‌ಫ್ಯೂಷನ್' ಮತ್ತು 1996ರ 'ಮಾಹ್‌ಜಾಂಗ್', ನನಗೆ ಅಷ್ಟು ಹಿಡಿಸಲಿಲ್ಲ. ತೈಪೇಯಲ್ಲಿ ದುಡ್ಡು ಹರಿಯತೊಡಗಿದ ಕಾಲದ ವ್ಯಂಗ್ಯ ಅವು. ಪಾತ್ರಗಳು ಬಿಡದೆ ಮಾತನಾಡುತ್ತವೆ. ಎರಡನೆಯದರಲ್ಲಿ ವಿದೇಶೀ ಪಾತ್ರಗಳ ಮಾತು ಬಾಯಿಪಾಠದ ಹಾಗಿದೆ. ಮನೆಮಂದಿಯೆಲ್ಲ ಕೂತು ನೋಡುವಂಥದೂ ಅಲ್ಲ. ನಿರ್ದೇಶಕರ ಸಿಟ್ಟು ಎದ್ದು ಕಾಣುತ್ತದೆ, ಸಿಟ್ಟಿನಲ್ಲಿದ್ದಾಗ ಅವರ ಕಣ್ಣು ಮೊದಲಿನಷ್ಟು ದೂರ ನೋಡುವುದಿಲ್ಲ.

ಆ ಸಿಟ್ಟು ಇಳಿದ ಮೇಲೆ ಬಂದದ್ದು 2000ದ 'ಯೀ ಯೀ'. ಕಾನ್ ಚಿತ್ರೋತ್ಸವದಲ್ಲಿ ಯಾಂಗ್ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದುಕೊಟ್ಟ ಚಿತ್ರ. ಚೀನೀ ಲಿಪಿಯಲ್ಲಿ ಒಂದು ಎಂದು ಬರೆಯಲು ಒಂದು ಅಡ್ಡಗೆರೆ ಸಾಕು. 'ಯೀ ಯೀ' ಎಂದರೆ ಒಂದು, ಒಂದು. ಆ ಎರಡು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟರೆ ಎರಡು ಎಂದಾಗುತ್ತದೆ. ಒಬ್ಬೊಬ್ಬರೇ ಇರುವ ಜನ ಸೇರಿ ಆದ ಒಂದು ಸಂಸಾರದ ಕಥೆಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು.

ಒಂದು ಮದುವೆಯಿಂದ ಶುರುವಾಗಿ ಒಂದು ಸಾವಿನ ಮನೆಯಲ್ಲಿ ಚಿತ್ರ ಮುಗಿಯುತ್ತದೆ. ನಡುವೆ ದೊಡ್ಡ ಘಟನೆಗಳು ಕಡಿಮೆ. ಮದುವೆಯ ದಿನವೇ ಅಜ್ಜಿ ಬಿದ್ದು ಪ್ರಜ್ಞೆ ತಪ್ಪುತ್ತಾಳೆ. ಮನೆಯವರು ದಿನವೂ ಅವಳ ಹತ್ತಿರ ಕೂತು ಮಾತನಾಡಬೇಕು ಎಂದು ಡಾಕ್ಟರು ಹೇಳುತ್ತಾರೆ. ಸುಲಭದ ಕೆಲಸ ಎನ್ನಿಸುತ್ತದೆ ಅಲ್ಲವೇ? ಮಗಳು ನಾಲ್ಕು ದಿನ ಮಾತನಾಡಿ ಅಳಲು ಶುರು ಮಾಡುತ್ತಾಳೆ. ಬೆಳಿಗ್ಗೆ ಏನು ಮಾಡಿದೆ, ಮಧ್ಯಾಹ್ನ ಏನು ಮಾಡಿದೆ ಎಂದು ಹೇಳಿದರೆ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ, ನನ್ನ ಬದುಕು ಇಷ್ಟೇನಾ ಎಂದು. ಈ ದೃಶ್ಯ ನೋಡಿದ ರಾತ್ರಿ ನಾನು ನಮ್ಮ ಅಮ್ಮಿಗೆ ಫೋನ್ ಮಾಡಿದೆ. ಊಟ ಆಯಿತಾ, ಆಯಿತು, ಮಾತ್ರೆ ತಗೊಂಡಿರಾ, ತಗೊಂಡೆ. ಅಲ್ಲಿಗೆ ನಮ್ಮ ಮಾತೂ ಮುಗಿಯಿತು.

ಮೊಮ್ಮಗಳು ಟಿಂಗ್‌ಟಿಂಗ್‌ಗೆ ಇನ್ನೊಂದು ಸಂಕಟ. ಕಸದ ಚೀಲ ಕೆಳಗೆ ಒಯ್ಯುವುದನ್ನು ತಾನು ಮರೆತದ್ದರಿಂದಲೇ ಅಜ್ಜಿ ಹೋಗಿ ಬಿದ್ದಳೇನೋ ಎಂದು. ಯಾರಿಗೂ ಹೇಳುವುದಿಲ್ಲ, ರಾತ್ರಿ ನಿದ್ದೆ ಮಾಡುವುದಿಲ್ಲ, ತರಗತಿಯಲ್ಲಿ ತೂಕಡಿಸುತ್ತಾಳೆ. ತೂಕಡಿಸುವ ಹುಡುಗಿಯನ್ನು ಕಂಡರೆ ನಾವು ಮೇಷ್ಟ್ರುಗಳು ಏನು ಹೇಳುತ್ತೇವೆ ಎಂದು ನಿಮಗೆಲ್ಲ ಗೊತ್ತು.

ತಂದೆ ಕಂಪ್ಯೂಟರ್ ಕಂಪನಿಯಲ್ಲಿ ಪಾಲುದಾರ. ಓಟಾ ಎಂಬ ಜಪಾನೀ ವ್ಯಕ್ತಿಯೊಡನೆ ವ್ಯಾಪಾರದ ಮಾತುಕತೆ. ಇವರಿಗೆ ಜಪಾನೀ ಬಾರದು, ಅವರಿಗೆ ಚೀನೀ ಬಾರದು. ಇಬ್ಬರೂ ತಡವರಿಸುತ್ತಾ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಇಡೀ ಚಿತ್ರದಲ್ಲಿ ಅತ್ಯಂತ ಪ್ರಾಮಾಣಿಕ ಮಾತು ನಡೆಯುವುದು ಇಬ್ಬರಿಗೂ ತಮ್ಮದಲ್ಲದ ಆ ಭಾಷೆಯಲ್ಲಿ. ವ್ಯಾಕರಣ ತಪ್ಪಾಗುತ್ತದೆಂದು ಬಾಯಿ ಬಿಡಲು ಹೆದರುವ ನಮ್ಮ ಉರ್ದು ಮಾಧ್ಯಮದ ಮಕ್ಕಳು ಈ ಭಾಗವನ್ನು ನೋಡಲೇಬೇಕು.

ಇನ್ನು ಎಂಟು ವರ್ಷದ ಯಾಂಗ್‌ಯಾಂಗ್. ಶಾಲೆಯಲ್ಲಿ ಒಬ್ಬ ಅಧ್ಯಾಪಕರಿಗೆ ಇವನನ್ನು ಕಂಡರಾಗದು. ಏನೋ ಕೆಟ್ಟ ವಸ್ತು ತಂದಿದ್ದಾನೆಂದು ಹುಡುಗಿಯರ ಮಾತು ಕೇಳಿ ಹುಡುಕುತ್ತಾರೆ, ಸಿಕ್ಕಿದ್ದು ಬಲೂನು. ಅವನು ತಂದೆಯನ್ನು ಒಂದು ಪ್ರಶ್ನೆ ಕೇಳುತ್ತಾನೆ: ನಾನು ಮುಂದಿರುವುದನ್ನು ಮಾತ್ರ ನೋಡಬಲ್ಲೆ, ಹಿಂದಿರುವುದು ಕಾಣುವುದಿಲ್ಲ, ಹಾಗಾದರೆ ನನಗೆ ಗೊತ್ತಾಗುವುದು ಅರ್ಧ ಸತ್ಯ ಮಾತ್ರವೇ? ತಂದೆ ಕೊಟ್ಟ ಕ್ಯಾಮೆರಾದಿಂದ ಅವನು ಜನರ ತಲೆಯ ಹಿಂಭಾಗದ ಫೋಟೋ ತೆಗೆಯುತ್ತಾ ಹೋಗುತ್ತಾನೆ. ಫೋಟೋಗಳು ಸಿಕ್ಕಿದಾಗ ಅಧ್ಯಾಪಕರು ತರಗತಿಯ ಮುಂದೆ ಹಿಡಿದು, ಓಹೋ ದೊಡ್ಡ ಕಲಾವಿದರು ಎಂದು ಗೇಲಿ ಮಾಡುತ್ತಾರೆ. ಮಕ್ಕಳೆಲ್ಲ ನಗುತ್ತಾರೆ. ಹುಡುಗ ತನ್ನ ಮಾಮನಿಗೆ ಅವನ ಹಿಂಭಾಗದ ಫೋಟೋ ಕೊಟ್ಟು, ನಿನಗೆ ಕಾಣುವುದಿಲ್ಲವಲ್ಲ, ಅದಕ್ಕೆ ತೋರಿಸುತ್ತಿದ್ದೇನೆ ಎನ್ನುತ್ತಾನೆ. ಬಿ.ಎಡ್.ನಲ್ಲಿ ನಾವು ಮಕ್ಕಳ ಕುತೂಹಲದ ಬಗ್ಗೆ ಉತ್ತರ ಪತ್ರಿಕೆ ತುಂಬ ಬರೆದೆವು. ಕುತೂಹಲ ಎದುರಿಗೆ ಬಂದು ನಿಂತಾಗ ಅದು ಅಡ್ಡಾದಿಡ್ಡಿಯಾಗಿ ಕಾಣುತ್ತದೆ, ಶಿಸ್ತಿಲ್ಲದಂತೆ ಕಾಣುತ್ತದೆ ಎಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಯಾಂಗ್ ಅವರ ಕ್ಯಾಮೆರಾ ಬಗ್ಗೆಯೂ ಒಂದು ಮಾತು. ಅಳುವವರ ಮುಖದ ಹತ್ತಿರ ಅದು ಹೋಗುವುದಿಲ್ಲ. ಬಾಗಿಲಿನ ಆಚೆ, ರಸ್ತೆಯ ಆಚೆ, ಗಾಜಿನ ಆಚೆ ನಿಲ್ಲುತ್ತದೆ. ತಾಯಿ ಕತ್ತಲ ಕಚೇರಿಯ ಕಿಟಕಿಯಲ್ಲಿ ನಿಂತಾಗ ಊರಿನ ದೀಪಗಳು ಗಾಜಿನಲ್ಲಿ ಅವಳ ಮೈಮೇಲೆ ಬಿದ್ದಿರುತ್ತವೆ. ನೆರೆಮನೆಯ ಕಷ್ಟವನ್ನು ಕಂಡರೂ ಇಣುಕಬಾರದೆಂಬ ಅದಬು ಇರುವ ಮನುಷ್ಯ ನಿಲ್ಲುವಷ್ಟು ದೂರ ಅದು. ಮೊದಲ ಅರ್ಧ ಗಂಟೆ ನಿಮಗೆ ಬೇಸರವಾಗಬಹುದು. ಗಿರೀಶ್ ಕಾಸರವಳ್ಳಿ ಅವರ 'ಹಸೀನಾ' ನೋಡಿದವರಿಗೆ ಈ ನಿಧಾನ ಹೊಸದಲ್ಲ. ಉಳಿದವರು ಸ್ವಲ್ಪ ತಾಳ್ಮೆಯಿಂದ ಕೂತುಕೊಳ್ಳಿ. ಮೊದಲು 'ಯೀ ಯೀ' ನೋಡಿ, ಅದು ಮೂರು ಗಂಟೆಗೆ ಏಳು ನಿಮಿಷ ಕಡಿಮೆ. ಇನ್ನೊಂದನ್ನು ಪಿಯುಸಿ ಮೇಲಿನವರು ಮಾತ್ರ, ಅದೂ ಹಿರಿಯರೊಬ್ಬರ ಜೊತೆ ಕೂತು, ರಜೆಯಲ್ಲಿ, ಎರಡು ದಿನಕ್ಕೆ ಹಂಚಿಕೊಂಡು ನೋಡುವುದು ಒಳ್ಳೆಯದು.

'ಯೀ ಯೀ' ಬಂದಾಗ ತೈವಾನಿನ ಚಿತ್ರಮಂದಿರಗಳಲ್ಲಿ ಅದು ತೆರೆ ಕಾಣಲಿಲ್ಲ. ತನ್ನ ಊರಿನ ಕಥೆಯನ್ನು ಇಷ್ಟು ಚೆನ್ನಾಗಿ ಹೇಳಿದವರು ಅದನ್ನು ಪರದೇಶದವರಿಗೆ ಮೊದಲು ತೋರಿಸಬೇಕಾಯಿತು. ಆಮೇಲೆ ಅವರು ಒಂದು ಅನಿಮೇಷನ್ ಚಿತ್ರ ಕೈಗೆತ್ತಿಕೊಂಡರು. ಚಿಕ್ಕಂದಿನ ಚಿತ್ರಕಥೆ ಪುಸ್ತಕಗಳ ಹುಚ್ಚು ಬಿಟ್ಟಿರಲಿಲ್ಲ. ಅದು ಮುಗಿಯಲಿಲ್ಲ, ಕಾಯಿಲೆ ಬಂತು.

'ಯೀ ಯೀ' ಚಿತ್ರದ ಉದ್ದಕ್ಕೂ ಯಾಂಗ್‌ಯಾಂಗ್ ಅಜ್ಜಿಯೊಡನೆ ಮಾತನಾಡಲು ಒಪ್ಪುವುದಿಲ್ಲ. ಕೊನೆಗೆ, ಅಜ್ಜಿ ತೀರಿಹೋದ ಮೇಲೆ, ಎಲ್ಲರೂ ಬಿಳಿ ಹೂಗಳ ನಡುವೆ ನಿಂತಿರುವಾಗ, ತನ್ನ ನೋಟ್‌ಬುಕ್ ತೆರೆದು ಅವಳಿಗೆ ಬರೆದದ್ದನ್ನು ಓದುತ್ತಾನೆ. ನಾನು ಹೇಳುವುದೆಲ್ಲ ನಿನಗೆ ಮೊದಲೇ ಗೊತ್ತಿರುತ್ತದೆ ಎಂದುಕೊಂಡೆ, ಅದಕ್ಕೇ ಮಾತನಾಡಲಿಲ್ಲ ಎನ್ನುತ್ತಾನೆ. ದೊಡ್ಡವನಾದ ಮೇಲೆ ಜನರಿಗೆ ಗೊತ್ತಿಲ್ಲದ್ದನ್ನು ಹೇಳಬೇಕು, ಕಾಣದ್ದನ್ನು ತೋರಿಸಬೇಕು ಎನ್ನುತ್ತಾನೆ. ಮನೆಯಲ್ಲಿ ಹುಟ್ಟಿದ ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ, ಅದನ್ನು ನೋಡಿದಾಗ ನಿನ್ನ ನೆನಪಾಗುತ್ತದೆ, ನೀನು ಯಾವಾಗಲೂ ನನಗೆ ವಯಸ್ಸಾಯಿತು ಎನ್ನುತ್ತಿದ್ದೆ, ನನಗೂ ವಯಸ್ಸಾದ ಹಾಗೆ ಅನ್ನಿಸುತ್ತದೆ ಎನ್ನುತ್ತಾನೆ, ಆ ಎಂಟು ವರ್ಷದ ಹುಡುಗ.

ಪ್ರಶ್ನೆಗಳಿದ್ದರೆ ಚಹಾ ವಿರಾಮದಲ್ಲಿ ಕೇಳಿ, ನಾನು ಇಲ್ಲೇ ಇರುತ್ತೇನೆ.